ಪದವೇ ತೀರ್ಪು ಕೊಟ್ಟುಬಿಟ್ಟಾಗ

ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ಟಿಕೆಟ್ ದುಡ್ಡು ಕೊಡದೆ ಓಡಾಡುವ ಯೋಜನೆ ರಾಜ್ಯದಲ್ಲಿ ಶುರುವಾದದ್ದು 2023ರ ಜೂನ್‌ನಲ್ಲಿ. ಆಳುವವರು ಅದನ್ನು ‘ಶಕ್ತಿ’ ಎಂದರು, ‘ಗ್ಯಾರಂಟಿ’ ಎಂದರು. ಒಪ್ಪದವರು ‘ಬಿಟ್ಟಿ ಭಾಗ್ಯ’ ಎಂದರು. ಬಸ್ಸು ಅದೇ, ಖಜಾನೆಯ ಖರ್ಚು ಅದೇ, ಹತ್ತುವ ಹೆಂಗಸರೂ ಅವರೇ. ಆದರೂ ಒಂದು ಹೆಸರು ಕೇಳಿದಾಗ ದುಡಿಯಲು ಹೊರಟ ಹೆಣ್ಣುಮಗಳು ಕಣ್ಮುಂದೆ ಬರುತ್ತಾಳೆ, ಇನ್ನೊಂದನ್ನು ಕೇಳಿದಾಗ ಕೆಲಸವಿಲ್ಲದೆ ಊರು ಸುತ್ತುವವಳು. ಈ ಎರಡು ಚಿತ್ರಗಳನ್ನು ಯಾವ ಲೆಕ್ಕಪತ್ರವೂ ಕೊಟ್ಟಿಲ್ಲ; ಕೊಟ್ಟದ್ದು ಪದ. ಪ್ರಚಾರವೆಂದರೆ ಸುಳ್ಳು ಹೇಳುವುದು ಎಂದು ನಾವು ಭಾವಿಸುತ್ತೇವೆ. ಸುಳ್ಳನ್ನಾದರೆ ಯಾರಾದರೂ ದಾಖಲೆ ಹಿಡಿದು ಬಯಲಿಗೆಳೆಯಬಹುದು. ಹೆಸರಿನೊಳಗೇ ತೀರ್ಪನ್ನು ಅಡಗಿಸಿಡುವ ಪ್ರಚಾರವನ್ನು ಹಾಗೆ ಹಿಡಿಯುವುದು ಕಷ್ಟ, ಏಕೆಂದರೆ ಅದು ಪರಿಶೀಲಿಸಬಹುದಾದ ಸಂಗತಿಯನ್ನು ಹೇಳಿಯೇ ಇರುವುದಿಲ್ಲ. ನಮ್ಮ ಸಾರ್ವಜನಿಕ ಚರ್ಚೆಯನ್ನು ಸುಳ್ಳಿಗಿಂತ ಹೆಚ್ಚು ಕೆಡಿಸುತ್ತಿರುವುದು ಈ ಬಗೆಯ ಪ್ರಚಾರ.

ಇದು ಬರಿಯ ಅನುಮಾನವಲ್ಲ. ಅಮೆರಿಕದಲ್ಲಿ 1980ರ ದಶಕದ ಸಾಮಾಜಿಕ ಸಮೀಕ್ಷೆಗಳಲ್ಲಿ, ಬಡವರ ನೆರವಿಗೆ ಸರ್ಕಾರ ಮಾಡುವ ಖರ್ಚು ಸಾಲದೇ ಎಂದು ಕೆಲವರನ್ನು ಕೇಳಿದರು. ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಸಾಲದು ಎಂದರು. ಇನ್ನು ಕೆಲವರಿಗೆ ಅದೇ ಪ್ರಶ್ನೆಯಲ್ಲಿ ‘ಬಡವರ ನೆರವು’ ತೆಗೆದು ‘ವೆಲ್‌ಫೇರ್’ ಎಂದು ಹಾಕಿದರು; ಸಾಲದು ಎಂದವರು ಸುಮಾರು ಕಾಲುಭಾಗಕ್ಕೆ ಇಳಿದರು. ಪದ ನಮ್ಮ ಅಭಿಪ್ರಾಯವನ್ನಷ್ಟೇ ಅಲ್ಲ, ನೆನಪನ್ನೂ ತಿದ್ದುತ್ತದೆ. 1974ರಲ್ಲಿ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. ಕೆಲವರಿಗೆ ಕಾರುಗಳು ‘ಗುದ್ದಿದಾಗ’ ಎಂದರೆ, ಇನ್ನು ಕೆಲವರಿಗೆ ‘ಅಪ್ಪಳಿಸಿ ನುಚ್ಚುನೂರಾದಾಗ’ ಎಂಬಷ್ಟು ಜೋರಾದ ಪದ ಬಳಸಿದರು. ಒಂದು ವಾರದ ನಂತರ ಕರೆಸಿ, ಒಡೆದ ಗಾಜು ಕಂಡಿತೇ ಎಂದು ಕೇಳಿದಾಗ, ಜೋರಾದ ಪದ ಕೇಳಿಸಿಕೊಂಡ 50 ಮಂದಿಯಲ್ಲಿ 16 ಮಂದಿ ಹೌದೆಂದರು. ‘ಗುದ್ದಿದಾಗ’ ಎಂಬ ಪದ ಕೇಳಿಸಿಕೊಂಡ 50ರಲ್ಲಿ ಏಳೇ ಮಂದಿ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ.

ಪದವೊಂದು ಕಾನೂನಿನೊಳಗೆ ಹೊಕ್ಕರೆ ಏನಾಗುತ್ತದೆಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿ ಇದೆ. ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಯಾರು ಏನು ಕದ್ದರು ಎಂದು ಸಾಬೀತು ಮಾಡುವ ಹೊಣೆ ಪೊಲೀಸರ ಮೇಲಿಂದ ಇಳಿಯಿತು; ಇಂಥ ಕುಲದವನು ಎಂದರೆ ಸಾಕಾಯಿತು. ಮುಂದೆ ಹುಬ್ಬಳ್ಳಿ, ಗದಗಗಳಲ್ಲಿ ಅವರನ್ನು ಕೂಡಿಹಾಕಿ ಹಾಜರಿ ಕರೆಯುತ್ತಿದ್ದ ಸೆಟ್ಲ್‌ಮೆಂಟ್‌ಗಳು ಹುಟ್ಟಿದವು, ಆ ಬಡಾವಣೆಗಳಿಗೆ ಈಗಲೂ ಅದೇ ಹೆಸರು. ಗಂಟಿಚೋರ್ ಸಮುದಾಯದ ಹೆಸರಿನಲ್ಲಿ ಕಳ್ಳತನದ ಆರೋಪವೇ ಇದೆ, ಅದು ಇಂದಿಗೂ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಮೀಸಲಾತಿಯ ಪ್ರಮಾಣಪತ್ರ ಬೇಕೆಂದರೂ ಆ ಹುಡುಗನೋ ಹುಡುಗಿಯೋ ‘ಚೋರ್’ ಎಂದು ಬರೆಸಿಕೊಳ್ಳಬೇಕು. 1952ರಲ್ಲಿ ಕಾಯ್ದೆ ರದ್ದಾಯಿತು. ಆದರೆ ‘ರೂಢಿಗತ ಅಪರಾಧಿ’ ಎಂಬ ಹೊಸ ಪದದ ಮರೆಯಲ್ಲಿ ಹಳೆಯ ಗುಮಾನಿ ಮುಂದುವರಿಯಿತು. ಜೈಲು ಕೈಪಿಡಿಗಳಲ್ಲಿ ಈ ಸಮುದಾಯಗಳನ್ನು ಬೇರೆಯಾಗಿ ಕಾಣುವ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2024 ಬಂದಿತ್ತು.

ಜನ ದಡ್ಡರಲ್ಲ, ಪದಗಳಿಗೆ ಇಷ್ಟು ಸುಲಭವಾಗಿ ಮರುಳಾಗುವುದಿಲ್ಲ ಎನ್ನುವವರಿದ್ದಾರೆ. ಸ್ವಂತ ಅನುಭವಕ್ಕೆ ನಿಲುಕುವ ವಿಷಯದಲ್ಲಿ ಈ ಮಾತು ನಿಜ. ದಿನವೂ ಬಸ್ಸು ಹಿಡಿದು ಗಾರ್ಮೆಂಟ್ಸ್‌ಗೆ ಹೋಗುವವಳಿಗೆ ತಿಂಗಳ ಕೊನೆಗೆ ಉಳಿಯುವ ದುಡ್ಡೆಷ್ಟೆಂದು ಗೊತ್ತು; ‘ಬಿಟ್ಟಿ’ ಎಂದು ಯಾರು ಹಂಗಿಸಿದರೂ ಆ ಲೆಕ್ಕ ತಪ್ಪುವುದಿಲ್ಲ. ಆದರೆ ನಾವು ಅಭಿಪ್ರಾಯ ಹೇಳುವ ಸಂಗತಿಗಳಲ್ಲಿ ಬಹುಪಾಲು ನಮ್ಮ ಅನುಭವದಾಚೆಯವು: ರಾಜ್ಯದ ಸಾಲ, ಗಡಿಯ ತಕರಾರು, ನಾವು ಎಂದೂ ಹೊಕ್ಕಿರದ ಕೇರಿಯ ಬದುಕು. ಅಲ್ಲಿ ನಮ್ಮ ಬಳಿ ಇರುವುದು ಯಾರೋ ಕೊಟ್ಟ ಪದವಷ್ಟೇ, ಅದನ್ನೇ ನಾವು ತಿಳಿವಳಿಕೆ ಎಂದುಕೊಳ್ಳುತ್ತೇವೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬಣ್ಣವಿಲ್ಲದ ಪದವೇ ಇಲ್ಲವಲ್ಲ, ಹಾಗಿದ್ದರೆ ಆಡಿದ್ದೆಲ್ಲ ಪ್ರಚಾರವೇ? ಅಲ್ಲ. ಕಟುವಾದ ಮಾತೆಲ್ಲ ಪ್ರಚಾರವಲ್ಲ, ಮೆದುವಾದ ಮಾತೆಲ್ಲ ಸತ್ಯವೂ ಅಲ್ಲ. ಅಸ್ಪೃಶ್ಯತೆಯನ್ನು ಅಸ್ಪೃಶ್ಯತೆ ಎನ್ನುವುದು ಸತ್ಯ. ಅದನ್ನು ‘ಊರಿನ ಸಂಪ್ರದಾಯ’ ಎಂದು ನುಣುಪಾಗಿಸುವುದೇ ಪ್ರಚಾರ. ಬೇರ್ಪಡಿಸಿ ನೋಡಲು ಎರಡು ಪ್ರಶ್ನೆ ಸಾಕು. ಈ ಪದದ ಹಿಂದೆ ತೋರಿಸಬಹುದಾದ ಸಂಗತಿ ಇದೆಯೇ? ಇದೇ ಪದವನ್ನು ನಮ್ಮವರ ಇಂಥದೇ ಕೆಲಸಕ್ಕೂ ಬಳಸುತ್ತೇವೆಯೇ? 2019ರಲ್ಲಿ ಕೇಂದ್ರ ಸರ್ಕಾರ ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳ ಮೂಲ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿತು. ಇದೂ ಸೇರಿದಂತೆ ಆಗಿನ ತೆರಿಗೆ ರಿಯಾಯಿತಿಗಳಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಬಿಟ್ಟುಕೊಟ್ಟಂತಾಗುತ್ತದೆಂದು ಸರ್ಕಾರವೇ ಅಂದಾಜು ಮಾಡಿತ್ತು. ಅದನ್ನು ‘ಉತ್ತೇಜನ’ ಎಂದವರು ಬಸ್ ಪ್ರಯಾಣವನ್ನು ‘ಬಿಟ್ಟಿ’ ಎಂದರೆ ಎರಡನೆಯ ಪ್ರಶ್ನೆಯಲ್ಲಿ ಸೋಲುತ್ತಾರೆ. ಹಾಗೆಯೇ ‘ಗ್ಯಾರಂಟಿ’ ಎಂಬ ಭರವಸೆಯ ಪದ, ಬಸ್ ಯೋಜನೆಯೂ ಸೇರಿದಂತೆ ಆ ಹೆಸರಿನ ಐದು ಯೋಜನೆಗಳಿಗೆ ವರ್ಷಕ್ಕೆ ಬೇಕಾಗುವ ಸುಮಾರು 50 ಸಾವಿರ ಕೋಟಿ ರೂಪಾಯಿ ಎಲ್ಲಿಂದ ಬರುತ್ತದೆ ಎಂಬ ನ್ಯಾಯವಾದ ಪ್ರಶ್ನೆಯನ್ನು ಮರೆಮಾಡಬಾರದು. ಎರಡೂ ಖರ್ಚುಗಳನ್ನು ಸಮರ್ಥಿಸಬಹುದು, ಎರಡನ್ನೂ ವಿರೋಧಿಸಬಹುದು. ಬೇಕಾದದ್ದು ಎರಡಕ್ಕೂ ಒಂದೇ ಅಳತೆಗೋಲು.

ಈ ಹೊಣೆ ಮೊದಲು ಸುದ್ದಿಮನೆಗಳದ್ದು. ಪಕ್ಷಗಳು ಇಟ್ಟ ಹೆಸರನ್ನು ಉದ್ಧರಣ ಚಿಹ್ನೆಯಿಲ್ಲದೆ ತಲೆಬರಹಕ್ಕೆ ಏರಿಸುವ ಪತ್ರಿಕೆ ಸುದ್ದಿ ಕೊಡುವುದರ ಜೊತೆಗೆ ತೀರ್ಪನ್ನೂ ಕೊಟ್ಟಂತೆ. ಯಾರಿಗೆ, ಎಷ್ಟು, ಯಾರ ದುಡ್ಡಿನಲ್ಲಿ ಎಂದು ಮೊದಲು ಹೇಳಲಿ, ಬಿರುದುಗಳು ಆಮೇಲೆ ಬರಲಿ. ಓದುಗರಾಗಿ ನಾವೂ ಒಂದು ರೂಢಿ ಬೆಳೆಸಿಕೊಳ್ಳಬೇಕು: ಸಿಟ್ಟನ್ನೋ ಹೆಮ್ಮೆಯನ್ನೋ ಒಮ್ಮೆಲೇ ಉಕ್ಕಿಸುವ ಪದ ಕಂಡಾಗ ಅದನ್ನು ತೆಗೆದು, ನಡೆದದ್ದನ್ನು ಸಾದಾ ಮಾತಿನಲ್ಲಿ ಹೇಳಿ ನೋಡುವುದು. ಆಗಲೂ ಅಭಿಪ್ರಾಯ ನಿಂತರೆ ಅದು ನಮ್ಮದು. ನಿಲ್ಲದಿದ್ದರೆ, ಮತ ಹಾಕುವ ಮುನ್ನವೇ ನಮ್ಮ ಪರವಾಗಿ ಬೇರೆ ಯಾರೋ ನಿರ್ಧರಿಸಿದ್ದಾರೆಂದು ಅರ್ಥ; ಪ್ರಜಾಪ್ರಭುತ್ವದಲ್ಲಿ ಅದಕ್ಕಿಂತ ದೊಡ್ಡ ನಷ್ಟವಿಲ್ಲ.