ಎಲ್ಲರ ತೆರಿಗೆ, ಎಲ್ಲರ ಪುಸ್ತಕ

ಅರಿವಿನ ಹಸಿವು ಮನುಷ್ಯನಿಗೆ ಸಹಜವಾದುದೆಂದು ತತ್ತ್ವಜ್ಞಾನಿಗಳು ಪುರಾತನ ಕಾಲದಿಂದಲೂ ಹೇಳುತ್ತ ಬಂದಿದ್ದಾರೆ. ಹಸಿವು ಎಲ್ಲರಿಗೂ ಇದ್ದ ಮೇಲೆ ಅನ್ನ ಕೆಲವರಿಗೆ ಮಾತ್ರ ದೊರೆತರೆ ಸಾಕೇ? ಈ ಪ್ರಶ್ನೆಗೆ ಅಮೆರಿಕದ ಒಂದು ಪುಟ್ಟ ಊರು 1833ರಲ್ಲಿ ನೀಡಿದ ಉತ್ತರವನ್ನು ನಾವು ಇಂದು ನೆನೆಯುವುದು ಉಚಿತ.

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೀಟರ್‌ಬರೊದಲ್ಲಿ ಆಗ ಇದ್ದುದು ಸುಮಾರು 2,000 ಜನ. ಹೊಳೆಯ ದಂಡೆಯಲ್ಲಿ ಹತ್ತಿ ಗಿರಣಿಗಳು, ಸುತ್ತಲೂ ರೈತರ ಹೊಲಗಳು. ಆ ದೇಶದಲ್ಲಿ ಗ್ರಂಥಾಲಯಗಳು ಅದಾಗಲೇ ಇದ್ದವು. ಬೆಂಜಮಿನ್ ಫ್ರಾಂಕ್ಲಿನರು 1731ರಲ್ಲೇ ಫಿಲಡೆಲ್ಫಿಯದಲ್ಲಿ ಚಂದಾದಾರರ ಗ್ರಂಥಾಲಯವನ್ನು ಸ್ಥಾಪಿಸಿದ್ದರು. ಆದರೆ ಇಂಥ ಸಂಸ್ಥೆಗಳು ಮುಖ್ಯವಾಗಿ ಚಂದಾ ತೆರಬಲ್ಲವರಿಗಾಗಿ ಇದ್ದವು. ಗಿರಣಿಯ ಕೂಲಿಯಾಳಿಗೆ ಅವು ಎಟುಕುವಂತಿರಲಿಲ್ಲ.

ಪೀಟರ್‌ಬರೊದ ಯುನಿಟೇರಿಯನ್ ಪಂಗಡದ ಪಾದ್ರಿ ಏಬಿಯಲ್ ಅಬಟ್ ಅವರು ಬೇರೆ ದಾರಿಯನ್ನು ಸೂಚಿಸಿದರು. ಬ್ಯಾಂಕುಗಳ ಬಂಡವಾಳದ ಮೇಲಿನ ತೆರಿಗೆಯಿಂದ ಕೂಡಿಸಿದ ವಿದ್ಯಾನಿಧಿಯನ್ನು ರಾಜ್ಯವು ಊರುಗಳಿಗೆ ಹಂಚುತ್ತಿತ್ತು. ಶಾಲೆಗಳಿಗೆ ಅಥವಾ ಶಿಕ್ಷಣದ ಇತರ ಕಾರ್ಯಗಳಿಗೆ ಅದನ್ನು ವಿನಿಯೋಗಿಸಬಹುದಾಗಿತ್ತು. ಅದರ ಒಂದು ಪಾಲನ್ನು ಪುಸ್ತಕಗಳಿಗೆ ಮೀಸಲಿಡಲು 1833ರ ಏಪ್ರಿಲ್ 9ರಂದು ಊರಸಭೆಯು ನಿರ್ಧರಿಸಿತು. ಸ್ವಂತ ಕಟ್ಟಡವಿರಲಿಲ್ಲ, ಅಂಚೆ ಕಚೇರಿಯೂ ಇದ್ದ ಅಂಗಡಿಯಲ್ಲೇ ಪುಸ್ತಕಗಳನ್ನು ಇರಿಸಿದರು. ಸಾರ್ವಜನಿಕ ತೆರಿಗೆ ಹಣದಿಂದಲೇ ಆರಂಭವಾಗಿ ಎಲ್ಲರಿಗೂ ಉಚಿತವಾಗಿ ತೆರೆದ ಮೊದಲ ಗ್ರಂಥಾಲಯವೆಂಬ ಕೀರ್ತಿ ಈ ಊರಿಗಿದೆ. 1849ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯವೇ ಗ್ರಂಥಾಲಯಗಳಿಗಾಗಿ ತೆರಿಗೆ ಎತ್ತುವ ಅಧಿಕಾರವನ್ನು ಊರುಗಳಿಗೆ ಕಾನೂನಿನ ಮೂಲಕ ನೀಡಿತು.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಗ್ರಂಥಾಲಯವನ್ನು ಹುಟ್ಟಿಸಲು ಪ್ರೇರಣೆಯಿತ್ತವರು ಧರ್ಮಗುರು. ಆದರೆ ಅದನ್ನು ಅವರು ತಮ್ಮ ಸಭೆಯ ಸ್ವತ್ತಾಗಿಸದೆ ಊರಿಗೇ ಒಪ್ಪಿಸಿದರು. ಪ್ರತಿಯೊಬ್ಬನಿಗೆ ಅವನ ಸಲ್ಲತಕ್ಕದ್ದನ್ನು ಸಲ್ಲಿಸುವುದೇ ನ್ಯಾಯವೆಂದು ಸಂತ ತೋಮಸ್ ಅಕ್ವಿನಾಸರಿಂದ ನಾವು ಕಲಿತಿದ್ದೇವೆ. ದಾನ ಶ್ರೇಷ್ಠವಾದುದು, ಆದರೆ ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವಾಗಿ ಪಡೆಯುವವನು ತಲೆ ತಗ್ಗಿಸಬೇಕಾಗುತ್ತದೆ. ಊರಿನ ಗ್ರಂಥಾಲಯದಲ್ಲಿ ಯಾರೂ ತಲೆ ತಗ್ಗಿಸಬೇಕಿಲ್ಲ. ಮುಂದೆ ನೂರಾರು ಊರುಗಳಿಗೆ ಗ್ರಂಥಾಲಯ ಕಟ್ಟಿಸಿಕೊಟ್ಟ ಆಂಡ್ರ್ಯೂ ಕಾರ್ನೆಗಿಯವರೂ ಇದನ್ನು ಅರಿತಿದ್ದರು. ಕಟ್ಟಡಕ್ಕೆ ಕೊಟ್ಟ ಮೊತ್ತದ ಹತ್ತನೇ ಒಂದು ಪಾಲನ್ನು ಪ್ರತಿವರ್ಷವೂ ಊರೇ ಒದಗಿಸಬೇಕೆಂಬುದು ಅವರ ಸಾಮಾನ್ಯ ಷರತ್ತಾಗಿತ್ತು.

ಈ ತತ್ತ್ವ ನಮಗೆ ಪರಕೀಯವಲ್ಲ. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದಿದ್ದ ಎಸ್. ಆರ್. ರಂಗನಾಥನ್ ಅವರೇ ಮುಂದೆ ಭಾರತದ ಗ್ರಂಥಾಲಯ ಚಳವಳಿಗೆ ಜನಕರಾದರು. ಅವರ ಪರಿಶ್ರಮದ ಫಲವಾದ 1948ರ ಮದರಾಸು ಕಾಯ್ದೆ ಬಂದಾಗ ದಕ್ಷಿಣ ಕನ್ನಡವು ಆ ಪ್ರಾಂತಕ್ಕೇ ಸೇರಿತ್ತು. ಕರ್ನಾಟಕದ್ದೇ ಆದ ಕಾಯ್ದೆ 1965ರದು. ಆಸ್ತಿ ತೆರಿಗೆಯೊಂದಿಗೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಕಟ್ಟಿದ ಮೇಲೆ ಅದನ್ನು ಮರೆಯುತ್ತೇವೆ!

ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ಗ್ರಂಥಾಲಯ ಏತಕ್ಕೆಂದು ಕೇಳುವವರಿದ್ದಾರೆ. ಮಾಹಿತಿ ಸಿಗುವುದು ನಿಜ. ಆದರೆ ಪರೀಕ್ಷೆಗೆ ಓದಲು ಮನೆಯಲ್ಲಿ ಮೂಲೆಯೂ ಇಲ್ಲದ ಹುಡುಗಿಗೆ ಮೇಜು, ಬೆಳಕು, ಮೌನ ಎಲ್ಲಿ ಸಿಕ್ಕೀತು? ನಮ್ಮ ಧರ್ಮಕೇಂದ್ರಗಳ ವಾಚನಾಲಯಗಳು ಬೆಳೆಯಲಿ. ಆದರೆ ನೆರೆಯ ಹಿಂದೂ, ಮುಸ್ಲಿಂ ಬಂಧುಗಳ ಮಕ್ಕಳೊಡನೆ ನಮ್ಮ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಓದುವ ತಾಣವು ಊರಿನ ಗ್ರಂಥಾಲಯವೇ.

ಆದುದರಿಂದ ತಂದೆತಾಯಂದಿರಲ್ಲಿ ನಮ್ಮ ವಿನಂತಿ: ಈ ತಿಂಗಳೇ ಮಕ್ಕಳೊಡನೆ ಅಲ್ಲಿಗೆ ಹೋಗಿ ಸದಸ್ಯರಾಗಿರಿ. ಪುಸ್ತಕಗಳು ಹಳತಾಗಿದ್ದರೆ, ಬಾಗಿಲು ವೇಳೆಗೆ ತೆರೆಯದಿದ್ದರೆ, ನಿಮ್ಮ ವಾರ್ಡಿನ ಪ್ರತಿನಿಧಿಯನ್ನು ವಿನಯದಿಂದ, ಆದರೆ ಬಿಡದೆ ಪ್ರಶ್ನಿಸಿರಿ. ಬಳಸುವವರಿಲ್ಲದ ಹಕ್ಕು ಬಹುಕಾಲ ಉಳಿಯದು.