ಮುಂಭಾರ, ಹಿಂಭಾರ

ಬೇತಮಂಗಲದ ಕಡೆಯ ಪಿಕಪ್‌ಗಳಿಗೆ ಟೊಮೆಟೊ ಹೊತ್ತು ರೂಢಿ. ಕ್ರೇಟು ತುಂಬಿಕೊಂಡು ಕೋಲಾರದ ಮಂಡಿಗೆ ಓಡುವ ಈ ಗಾಡಿಗಳು ಒಂದೂಕಾಲು ಟನ್, ಒಂದೂವರೆ ಟನ್ ಭಾರವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಹಳೆಯ ಕಾರೊಂದನ್ನು ಬೆಂಗಳೂರಿನ ಮೆಕ್ಯಾನಿಕ್ ಬಳಿಗೆ ಸಾಗಿಸುವ ಮಾತು ಬಂದಾಗ ಮೊದಲು ಹೊಳೆಯುವ ಉಪಾಯವೂ ಅದೇ. "ಒಂದು ಹಗ್ಗ ಕಟ್ಟಿ ಪಿಕಪ್‌ನಲ್ಲಿ ಎಳೆದರಾಯಿತು, ಅದೇನು ಮಹಾ?"

ಎಳೆಯುವುದು ಮಹಾ ಅಲ್ಲ ನಿಜ. ನಿಲ್ಲಿಸುವುದು ಮಹಾ.

ಹಳೆ ಕಾರುಗಳೆಲ್ಲ ಒಂದೇ ತೂಕದವಲ್ಲ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಸುಮಾರು 1,100 ಕೆ.ಜಿ. ತೂಗಿದರೆ, 1950ರ ದಶಕದ ಷೆವರ್ಲೆ 1,500 ಕೆ.ಜಿ.ಯ ಆಸುಪಾಸು. ಅದೇ ಕಾಲದ ದೊಡ್ಡ ಕ್ಯಾಡಿಲಾಕ್ ಎರಡು ಟನ್ ದಾಟುತ್ತದೆ. ಇಂಥ ಅಮೆರಿಕನ್ ಕಾರುಗಳು ಈ ದೇಶಕ್ಕೆ ಅಪರೂಪದವೇನೂ ಆಗಿರಲಿಲ್ಲ. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬಯಿಯಲ್ಲಿ ಷೆವರ್ಲೆ ಜೋಡಿಸತೊಡಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಪ್ರೀಮಿಯರ್ ಕಂಪನಿಯ ಕುರ್ಲಾ ಕಾರ್ಖಾನೆಯಿಂದ ಡಾಡ್ಜ್, ಪ್ಲಿಮತ್‌ಗಳು ಹೊರಬಂದವು. ದಪ್ಪ ತಗಡು, ಉದ್ದ ಬಾನೆಟ್ಟು, ಸೋಫಾದಂಥ ಸೀಟು. ಆ ವೈಭೋಗದ ಒಟ್ಟು ಭಾರವೇ ಈಗ ಹಗ್ಗದ ತುದಿಗೆ ಬರುವುದು.

ಟೊಮೆಟೊ ಭಾರಕ್ಕೂ ಕಾರಿನ ಭಾರಕ್ಕೂ ಒಂದು ವ್ಯತ್ಯಾಸ ಉಂಟು. ಕ್ರೇಟುಗಳು ಪಿಕಪ್‌ನ ಬೆನ್ನ ಮೇಲೆ ಕೂತು ಅದರ ಚಕ್ರಗಳನ್ನು ನೆಲಕ್ಕೆ ಒತ್ತುತ್ತವೆ. ಭಾರ ಹೆಚ್ಚಿದಷ್ಟೂ ಟೈರಿನ ಹಿಡಿತ ಬಿಗಿಯಾಗುತ್ತದೆ. ಹಿಂದೆ ಎಳೆಸಿಕೊಂಡು ಬರುವ ಕಾರಿನಿಂದ ಈ ಉಪಕಾರವಿಲ್ಲ. ಪಿಕಪ್ ಬ್ರೇಕ್ ಹಾಕಿದಾಗ ಅದು ತನ್ನ ಪಾಡಿಗೆ ಮುಂದಕ್ಕೆ ನುಗ್ಗುತ್ತದೆ. ನಡುವೆ ಇರುವುದು ಹಗ್ಗವಾದರೆ ಅದು ಎಳೆಯಬಲ್ಲದೇ ಹೊರತು ತಡೆಯಲಾರದು. ಜೊತೆಗೆ ವೇಗದ ಲೆಕ್ಕ ಬೇರೆ. ವೇಗ ಎರಡರಷ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ.

ಹೀಗಾಗಿ ಹಗ್ಗವನ್ನು ಸದಾ ಬಿಗಿಯಾಗಿ ಇಡುವ ಹೊಣೆ ಹಿಂದಿನ ಕಾರಿನಲ್ಲಿ ಕೂತವರದು. ಇಳಿಜಾರಿನಲ್ಲಿ ಅವರು ಮೊದಲೇ ಮೆಲ್ಲಗೆ ಬ್ರೇಕ್ ಒತ್ತದಿದ್ದರೆ ಹಗ್ಗ ಸಡಿಲಾಗಿ ನೆಲಕ್ಕೆ ಜೋತುಬೀಳುತ್ತದೆ. ಪಿಕಪ್ ಮತ್ತೆ ಮುಂದೆ ಹೋದ ಕ್ಷಣ ಜಗ್ಗುತ್ತದೆ. ಹಗ್ಗ ಕಡಿಯುವುದು ಭಾರಕ್ಕಿಂತ ಹೆಚ್ಚಾಗಿ ಈ ಜಗ್ಗಿಗೆ.

ಚಿನ್ನದ ಗಣಿ ಸೀಮೆಯವರಿಗೆ ಹಗ್ಗದ ಬೆಲೆ ಹೇಳಿಕೊಡಬೇಕಿಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ಕೆ.ಜಿ.ಎಫ್. ಗಣಿಗಳಲ್ಲಿ ಚಾಂಪಿಯನ್ ರೀಫ್ 3 ಕಿ.ಮೀ.ಗೂ ಮಿಕ್ಕಿದ ಆಳಕ್ಕೆ ಇಳಿದಿತ್ತು. ಅಲ್ಲಿ ಕಾರ್ಮಿಕರ ಜೀವ ಉಕ್ಕಿನ ಹಗ್ಗದ ಮೇಲೆಯೇ ಇತ್ತು. ಗಣಿಯ ಹಗ್ಗವನ್ನು ಅದು ತಡೆಯಬಲ್ಲ ಭಾರದ ಹತ್ತಿರಕ್ಕೂ ಒಯ್ಯುವುದಿಲ್ಲ. ಹಲವು ಪಟ್ಟು ಮಿಗತೆ ಇಟ್ಟೇ ಬಳಸುತ್ತಾರೆ. ಆ ಗಣಿಪಟ್ಟಣಕ್ಕೆ ಪಾಲಾರ್ ನೀರು ಕಳಿಸಿದ ಬೇತಮಂಗಲದಲ್ಲಿ, ಬಾವಿಯ ಹಳೆ ಹಗ್ಗ ಬಿಚ್ಚಿ ಕಾರಿನ ಬಂಪರಿಗೆ ಕಟ್ಟುವುದು ಒಪ್ಪುವ ಮಾತಲ್ಲ. ಬಂಪರಿಗಂತೂ ಕಟ್ಟಲೇಬಾರದು, ಅದು ಕಿತ್ತು ಕೈಗೆ ಬರುತ್ತದೆ. ಕಟ್ಟಬೇಕಾದ ಜಾಗ ಕೆಳಗಿನ ಚಾಸಿ.

ಇನ್ನು ಹಿಂದಿನ ಕಾರಿನ ಬ್ರೇಕು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿಕೊಂಡಿರುತ್ತದೆ. ಒಳಗಿನ ಸಿಲಿಂಡರು ತುಕ್ಕು ಹಿಡಿದು, ರಬ್ಬರ್ ಕೊಳವೆ ಬಿರಿದಿರಬಹುದು. ಶೆಡ್ಡಿನಲ್ಲಿ ಒತ್ತಿದಾಗ ಗಟ್ಟಿಯಾಗಿದ್ದ ಪೆಡಲು ರಸ್ತೆಯಲ್ಲಿ ಒಮ್ಮೆಗೇ ಕೆಳಗಿಳಿದೀತು. ಪವರ್ ಬ್ರೇಕ್ ಇರುವ ಕಾರಾದರೆ ಎಂಜಿನ್ ಓಡದಿದ್ದಾಗ ಆ ಸಹಾಯವೂ ಇಲ್ಲ. ಬ್ಯಾಟರಿ ಸತ್ತಿದ್ದರೆ ಹಾರನ್ ಇಲ್ಲ, ದೀಪವೂ ಇಲ್ಲ.

ಆಟೊಮ್ಯಾಟಿಕ್ ಗೇರಿನ ಕಾರಿಗೆ ಮತ್ತೊಂದು ಕಷ್ಟ. ಸಾಮಾನ್ಯವಾಗಿ ಗೇರ್ ಪೆಟ್ಟಿಗೆಗೆ ಎಣ್ಣೆ ಉಣಿಸುವ ಪಂಪು ಎಂಜಿನ್ ತಿರುಗಿದರೆ ಮಾತ್ರ ತಿರುಗುತ್ತದೆ. ಚಕ್ರ ಮಾತ್ರ ಉರುಳುತ್ತಾ ದೂರ ಸಾಗಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿ ಹಾಳಾಗುತ್ತವೆ. ರಿಪೇರಿಗೆಂದು ಹೊರಟ ಕಾರಿಗೆ ದಾರಿಯಲ್ಲೇ ಇನ್ನೊಂದು ರಿಪೇರಿ. ಇದನ್ನು ತಪ್ಪಿಸಲು ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಇಲ್ಲವೇ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಬೇಕು.

ಕಾನೂನೂ ಇದನ್ನೆಲ್ಲ ಯೋಚಿಸಿದೆ. 1989ರ ರಸ್ತೆ ನಿಯಮಗಳ ಪ್ರಕಾರ ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು. ಹಿಂದಿನ ಕಾರಿನಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು. ಬೆನ್ನಿಗೆ 75 ಮಿ.ಮೀ. ಎತ್ತರದ ಅಕ್ಷರಗಳಲ್ಲಿ 'ಆನ್ ಟೋ' ಎಂದು ಬರೆದಿರಬೇಕು. ವೇಗ ಗಂಟೆಗೆ 24 ಕಿ.ಮೀ. ದಾಟಕೂಡದು. ಆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸವು ಬಂದರೂ ಈ ಎಚ್ಚರಿಕೆಯ ಹಿಂದಿನ ಕಾರಣ ಬದಲಾಗಿಲ್ಲ. ಬೇತಮಂಗಲದಿಂದ ಬೆಂಗಳೂರು ನೂರು ಕಿ.ಮೀ.ಗೆ ಹತ್ತಿರ ಎಂದರೆ ಆ ವೇಗದಲ್ಲಿ ನಾಲ್ಕು ಗಂಟೆಗೂ ಮೇಲೆ, ಹಿಂದೆ ಲಾರಿ ಬಸ್ಸುಗಳ ಹಾರನ್ನು ಕೇಳುತ್ತಾ. ಬಂಗಾರಪೇಟೆ, ಬೇತಮಂಗಲದ ಮಗ್ಗುಲಲ್ಲೇ ಹಾಯುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ರಸ್ತೆಯಂತೂ ಹಗ್ಗದ ಪ್ರಯಾಣಕ್ಕೆ ತಕ್ಕ ಜಾಗವೇ ಅಲ್ಲ.

ಹಗ್ಗವೆಂಬುದು ಕೆಟ್ಟು ನಿಂತ ಕಾರನ್ನು ಪಕ್ಕದ ಗ್ಯಾರೇಜಿಗೆ ಮುಟ್ಟಿಸುವಷ್ಟಕ್ಕೆ. ದೂರದ ದಾರಿಗೆ ಟ್ರೈಲರ್ ಅಥವಾ ಚಪ್ಪಟೆ ಹಾಸಿನ ಲಾರಿಯೇ ಸರಿ. ಟ್ರೈಲರ್ ಮೇಲೆ ಕಾರು ಏರಿಸುವಾಗ ಹಳ್ಳಿಯ ಗಾಡಿ ಹೊಡೆಯುವವರ ಬುದ್ಧಿ ಬೇಕು. ಎತ್ತಿನ ಗಾಡಿ ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕೊರಳನ್ನು ಎತ್ತುತ್ತದೆ. ತುಸು ಮುಂಭಾರವಿದ್ದರೆ ಹದವಾಗಿ ಸಾಗುತ್ತದೆ. ಟ್ರೈಲರಿಗೂ ಅದೇ ನ್ಯಾಯ. ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಬೀಳುವಂತೆ ಕಾರನ್ನು ನಿಲ್ಲಿಸಬೇಕು. ಹಿಂಭಾರವಾದರೆ ಟ್ರೈಲರ್ ಮೀನಿನ ಬಾಲದಂತೆ ಅತ್ತಿತ್ತ ಹೊಯ್ದಾಡಿ, ಎಳೆಯುವ ಗಾಡಿಯನ್ನೂ ಮಗುಚಿಹಾಕೀತು. ಕಟ್ಟಿದ ಪಟ್ಟಿಗಳು ಮೊದಲ ಹತ್ತು ಹದಿನೈದು ಕಿ.ಮೀ.ನಲ್ಲೇ ಸಡಿಲಾಗುವುದರಿಂದ ಒಮ್ಮೆ ನಿಲ್ಲಿಸಿ ಬಿಗಿ ಮಾಡಬೇಕು.

ಲಾರಿಯ ಬಾಡಿಗೆ ಹೆಚ್ಚು ಎನ್ನುವವರು ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಹಗ್ಗದ ತುದಿಯ ಕಾರಿನಲ್ಲಿ, ಹಾರನ್ ಇಲ್ಲದೆ, ನಂಬಲಾರದ ಬ್ರೇಕಿನ ಮೇಲೆ ಕಾಲಿಟ್ಟು ನಾಲ್ಕು ಗಂಟೆ ಕೂರುವವರು ಯಾರು? ಆ ಸೀಟಿನಲ್ಲಿ ಮನೆಯ ಮಗನನ್ನು ಕೂರಿಸಲು ಮನಸ್ಸು ಒಪ್ಪದಿದ್ದರೆ, ಬೇರೆ ಮನೆಯ ಮಗನನ್ನೂ ಕೂರಿಸಬಾರದು.