ಹೊಸ ಬಸ್ ಬರಲಿ, ನಮ್ಮ ಸ್ಟಾಪಿನಲ್ಲಿಯೂ ನಿಲ್ಲಲಿ

ನಮ್ಮ ಸಾರಿಗೆ ನಿಗಮಗಳು ಈಗ ಹೊಸ ಹೊಸ ಮಾದರಿಯ ಬಸ್ಸುಗಳನ್ನು ರಸ್ತೆಗೆ ಇಳಿಸುತ್ತಿವೆ. ಕೆಎಸ್‌ಆರ್‌ಟಿಸಿಯ ಪಟ್ಟಿಯನ್ನೇ ನೋಡಿ. 2023ರ ಆರಂಭದಲ್ಲಿ ಬೆಂಗಳೂರು-ಮೈಸೂರು ಮಧ್ಯೆ ‘ಇವಿ ಪವರ್ ಪ್ಲಸ್’ ಎಂಬ ಎಲೆಕ್ಟ್ರಿಕ್ ಬಸ್ ಬಂತು. ಅದೇ ಫೆಬ್ರವರಿಯಲ್ಲಿ ‘ಅಂಬಾರಿ ಉತ್ಸವ’ ಎಂಬ ಎಸಿ ಸ್ಲೀಪರ್ ವೋಲ್ವೋ, ಅಕ್ಟೋಬರ್‌ನಲ್ಲಿ ‘ಪಲ್ಲಕ್ಕಿ’ ಎಂಬ ನಾನ್ ಎಸಿ ಸ್ಲೀಪರ್. 2024ರ ಫೆಬ್ರವರಿಯಲ್ಲಿ ‘ಅಶ್ವಮೇಧ ಕ್ಲಾಸಿಕ್’, ಆ ವರ್ಷದ ಕೊನೆಯ ಹೊತ್ತಿಗೆ ‘ಐರಾವತ ಕ್ಲಬ್ ಕ್ಲಾಸ್ 2.0’. ಹೆಸರು ಕೇಳಿದರೆ ಅರಮನೆಯ ಮೆರವಣಿಗೆ ಹೊರಟಂತೆ ಉಂಟು. ಒಳ್ಳೆಯದೇ. ಹಳೆಯ ಬಸ್ಸಿನಲ್ಲಿ ಸೊಂಟ ಮುರಿದುಕೊಂಡವರಿಗೆ ಹೊಸ ಬಸ್ ಬಂದರೆ ಸಂತೋಷವೇ.

ಮದ್ರಸ ಉಸ್ತಾದರಿಗೆ ಬಸ್ಸಿನ ಮಾತು ಯಾಕೆ ಎಂದು ಕೇಳುವವರಿರಬಹುದು. ಹುಟ್ಟಿದ ಊರು ಒಂದು ಕಡೆ, ಕಲಿಸುವ ಮಹಲ್ಲ್ ಇನ್ನೊಂದು ಕಡೆ. ನಮ್ಮಂಥವರ ಬದುಕಿನ ಅರ್ಧ ಬಸ್ಸಿನಲ್ಲೇ ಕಳೆಯುತ್ತದೆ. ನಮ್ಮ ಮನೆಗಳ ಕಥೆಯೂ ಅದೇ. ಗಂಡಸರು ಬೆಂಗಳೂರಿನಲ್ಲಿ ವ್ಯಾಪಾರಕ್ಕೆ, ಮಕ್ಕಳು ಮಂಗಳೂರು, ದೇರಳಕಟ್ಟೆಯ ಕಾಲೇಜುಗಳಿಗೆ, ಉಮ್ಮಂದಿರು ಆಸ್ಪತ್ರೆಗೆ. ಮನೆಯಲ್ಲಿ ಕಾರು ಇದ್ದರೂ ಓಡಿಸುವವನು ಗಲ್ಫಿನಲ್ಲಿ. ಹಾಗಾಗಿ ನಿಗಮ ಯಾವ ಬಸ್ ಖರೀದಿಸುತ್ತದೆ ಎನ್ನುವುದು ಬೆಂಗಳೂರಿನ ಅಧಿಕಾರಿಗಳಿಗೆ ಮಾತ್ರ ಸಂಬಂಧಪಟ್ಟ ವಿಷಯ ಅಲ್ಲ.

ನಾನು ಹೇಳುವುದು ಒಂದೇ ಮಾತು. ಹೊಸ ಬಸ್ಸನ್ನು ಅದರ ಹೊಳಪಿನಿಂದ ಅಳೆಯಬಾರದು. ಅದು ಎಲ್ಲಿ ನಿಲ್ಲುತ್ತದೆ, ಯಾರು ಅದಕ್ಕೆ ಹತ್ತಬಹುದು, ಮಳೆಗಾಲದಲ್ಲಿ ನಮ್ಮ ಘಾಟಿಯಲ್ಲಿ ಓಡುತ್ತದೋ ಇಲ್ಲವೋ, ಈ ಮೂರನ್ನು ನೋಡಬೇಕು.

ಮೊದಲು ಯಾರು ಹತ್ತಬಹುದು ಎನ್ನುವ ಪ್ರಶ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಹೆಂಗಸರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ಫ್ರೀ. ಆದರೆ ರಾಜಹಂಸ, ಸ್ಲೀಪರ್, ಎಸಿ, ಐರಾವತ, ಇವುಗಳಲ್ಲಿ ಫ್ರೀ ಇಲ್ಲ. ಅಂದರೆ ಮೇಲೆ ಹೇಳಿದ ಹೊಸ ಹೆಸರುಗಳಲ್ಲಿ ಹೆಚ್ಚಿನವು ಶಕ್ತಿ ಯೋಜನೆಯ ಹೊರಗೆ. ಒಳಗೆ ಇರುವುದು ಅಶ್ವಮೇಧ. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಧಾನಸೌಧದ ಮುಂದೆ 100 ಅಶ್ವಮೇಧ ಬಸ್ಸುಗಳಿಗೆ ಹಸಿರು ನಿಶಾನೆ ತೋರಿಸಿದಾಗ ನನಗೆ ಕಂಡ ದೊಡ್ಡ ವಿಷಯ ಅದು. ಎಲ್‌ಇಡಿ ಬೋರ್ಡ್, ಕ್ಯಾಮೆರಾ, ಪ್ಯಾನಿಕ್ ಬಟನ್ ಎಲ್ಲ ಇರಲಿ. ಬೇಗ ಹೋಗುವ ಬಸ್ಸಿನಲ್ಲಿ ಬಡ ಹೆಂಗಸಿಗೂ ಜಾಗ ಉಂಟು ಎನ್ನುವುದು ಅದಕ್ಕಿಂತ ದೊಡ್ಡದು.

ಯಾಕೆ ದೊಡ್ಡದು ಎಂದರೆ, ಬಡವರ ಸಮಯಕ್ಕೆ ಬೆಲೆ ಇಲ್ಲ ಎಂಬ ಒಂದು ಭಾವನೆ ನಮ್ಮಲ್ಲಿ ಬೇರೂರಿದೆ. ದುಡ್ಡು ಇದ್ದವನು ಬೇಗ ಹೋಗಲಿ, ಇಲ್ಲದವನು ಎಲ್ಲ ಕಡೆ ನಿಂತು ನಿಂತು ಬರಲಿ. ಆದರೆ ಬೀಡಿ ಕಟ್ಟುವ ಹೆಂಗಸಿಗೆ ಎರಡು ಗಂಟೆ ಹೋದರೆ ಆ ಎರಡು ಗಂಟೆಯ ಕೂಲಿ ಹೋಯಿತು. ಡಯಾಲಿಸಿಸ್‌ಗೆ ಹೋಗಿ ಬರುವವರಿಗೆ ದಾರಿಯ ಪ್ರತಿ ಗಂಟೆಯೂ ಭಾರ. ಎಕ್ಸ್‌ಪ್ರೆಸ್ ಎನ್ನುವುದು ಸುಖದ ವಸ್ತು ಅಲ್ಲ, ಅಗತ್ಯದ ವಸ್ತು.

ನಿಗಮದ ಕಡೆಯ ಮಾತನ್ನೂ ಕೇಳಬೇಕು, ಅದು ನ್ಯಾಯ. ಡೀಸೆಲ್, ಸಂಬಳ, ಬಿಡಿಭಾಗ ಎಲ್ಲದರ ಬೆಲೆ ಏರಿದೆ. 2025ರ ಜನವರಿ 5ರಿಂದ ಟಿಕೆಟ್ ದರವನ್ನು ಶೇ. 15ರಷ್ಟು ಏರಿಸಿದ್ದೂ ಅದೇ ಕಾರಣ ಹೇಳಿ. ಫ್ರೀ ಟಿಕೆಟ್‌ನ ಹಣವನ್ನು ನಿಗಮಕ್ಕೆ ಸರಕಾರ ತುಂಬಿಕೊಡಬೇಕು. ವೋಲ್ವೋದ ಪ್ರಯಾಣಿಕನಾದರೋ ಅಲ್ಲೇ ಕೈಯಲ್ಲಿ ದುಡ್ಡು ಕೊಡುತ್ತಾನೆ. ಮಂಗಳೂರು-ಬೆಂಗಳೂರು ರಾತ್ರಿ ದಾರಿಯಲ್ಲಿ ಖಾಸಗಿ ಸ್ಲೀಪರ್‌ಗಳ ಜೊತೆ ಪೈಪೋಟಿಯೂ ಉಂಟು. ಒಳ್ಳೆಯ ಬಸ್ ಇಡದಿದ್ದರೆ ಆ ಪ್ರಯಾಣಿಕ ಖಾಸಗಿಯವರ ಕಡೆ ಹೋಗುತ್ತಾನೆ. ಇದೆಲ್ಲ ಸರಿ. ಲಾಭದ ಬಸ್ಸು ನಷ್ಟದ ಬಸ್ಸನ್ನು ಸಾಕುತ್ತದೆ ಎನ್ನುವ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಲೆಕ್ಕ ಪೂರ್ತಿ ಮಾಡಬೇಕು. ಕ್ಲಬ್ ಕ್ಲಾಸ್ 2.0 ಬಸ್ಸು ಒಂದಕ್ಕೆ 1.78 ಕೋಟಿ ರೂಪಾಯಿ. ಅಂಥ 20 ಬಸ್ ಬಂದಿವೆ. ಅಷ್ಟೇ ಹಣದಲ್ಲಿ ಒಂದೊಂದರ ಬದಲಿಗೆ ಮೂರಾದರೂ ಕೆಂಪು ಎಕ್ಸ್‌ಪ್ರೆಸ್ ಬರುತ್ತಿತ್ತು. ವೋಲ್ವೋ ಬೇಡ ಎಂದಲ್ಲ. ವೋಲ್ವೋದ ಲಾಭ ಎಲ್ಲಿಗೆ ಹೋಗುತ್ತದೆ, ಅದರಿಂದ ಉಪ್ಪಿನಂಗಡಿಯ ಹೆಂಗಸಿಗೆ ಒಂದು ಬಸ್ ಹೆಚ್ಚು ಸಿಕ್ಕಿತೋ ಇಲ್ಲವೋ ಎಂದು ಕೇಳುವ ಹಕ್ಕು ನಮಗುಂಟು. ಸಾಕುತ್ತೇವೆ ಎಂದು ಹೇಳಿದವರು ಸಾಕಿದ್ದನ್ನು ತೋರಿಸಬೇಕಲ್ಲ?

ಇನ್ನು ಎಲ್ಲಿ ನಿಲ್ಲುತ್ತದೆ ಎನ್ನುವ ಪ್ರಶ್ನೆ. ಅಶ್ವಮೇಧವನ್ನು ಹೊಗಳಿದ ನಾನೇ ಅದರ ಒಂದು ತೊಡಕನ್ನೂ ಹೇಳಬೇಕು. ಅದು ಪಾಯಿಂಟ್ ಟು ಪಾಯಿಂಟ್ ಎಕ್ಸ್‌ಪ್ರೆಸ್. ಹೊರಟ ಊರಿನಿಂದ ಮುಟ್ಟುವ ಊರಿಗೆ ನೇರ, ಮಧ್ಯೆ ನಿಲ್ಲುವುದು ಕಡಿಮೆ. ಬಯಲು ಸೀಮೆಯಲ್ಲಿ ಜಿಲ್ಲಾ ಕೇಂದ್ರದಿಂದ ಬೆಂಗಳೂರಿಗೆ ಹೋಗುವವರಿಗೆ ಇದು ಬಹಳ ಚೆಂದ. ಅಲ್ಲಿ ಜನ ದೊಡ್ಡ ಊರಿನಲ್ಲಿ ಒಟ್ಟಾಗಿ ಇದ್ದಾರೆ. ನಮ್ಮ ಕರಾವಳಿ ಹಾಗಲ್ಲ. ಇಲ್ಲಿ ಊರು ಎನ್ನುವುದು ರಸ್ತೆಯ ಉದ್ದಕ್ಕೂ ಚಾಚಿಕೊಂಡಿದೆ. ಫರಂಗಿಪೇಟೆ, ಬಿ.ಸಿ. ರೋಡ್, ಮಾಣಿ, ಉಪ್ಪಿನಂಗಡಿ, ನೆಲ್ಯಾಡಿ. ಹೆದ್ದಾರಿಯ ಬದಿಯಲ್ಲೇ ನಮ್ಮ ಅಂಗಡಿ, ನಮ್ಮ ಮಸೀದಿ, ನಮ್ಮ ಮನೆ. ಮಂಗಳೂರಿನಿಂದ ಹೊರಟ ಬಸ್ ಇವುಗಳ ಎದುರೇ ಹೋಗುತ್ತದೆ. ನಿಲ್ಲದಿದ್ದರೆ ಅದು ಫ್ರೀ ಆದರೂ ಒಂದೇ, ದುಡ್ಡಿನದ್ದಾದರೂ ಒಂದೇ. ಬೆಂಗಳೂರಿನ ಬಸ್ ಹಿಡಿಯಲು ಉಪ್ಪಿನಂಗಡಿಯವರು ಹಿಂದಕ್ಕೆ ಮಂಗಳೂರಿಗೆ ಹೋಗಬೇಕೆಂದರೆ ಎಂತಹ ಎಕ್ಸ್‌ಪ್ರೆಸ್ ಅದು?

ಎಲ್ಲ ಕಡೆ ಕೈ ತೋರಿಸಿದಲ್ಲಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಹಾಗೆ ನಿಂತರೆ ಅದು ಲೋಕಲ್ ಬಸ್ಸು, ಎಕ್ಸ್‌ಪ್ರೆಸ್ ಅಲ್ಲ. ನಡುವಿನ ದಾರಿ ಉಂಟು. ಪ್ರತಿ ದಾರಿಯಲ್ಲಿ ನಾಲ್ಕೈದು ನಿಲ್ದಾಣ ನಿಗದಿ ಮಾಡುವುದು, ಅದನ್ನು ಬಸ್ಸಿನ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆಯುವುದು, ಸಮಯ ಹೇಳುವುದು. ಬಸ್ ಬರುವ ಗಂಟೆ ಗೊತ್ತಿದ್ದರೆ ಜನ ಹಳ್ಳಿಯಿಂದ ಆಟೋ ಮಾಡಿಯಾದರೂ ಆ ಸ್ಟಾಪಿಗೆ ಬರುತ್ತಾರೆ. ಸಮಯ ಗೊತ್ತಿಲ್ಲದ ಬಸ್ಸು ಲಾಟರಿ ಟಿಕೆಟ್ ಇದ್ದ ಹಾಗೆ.

ಮಂಗಳೂರು ಮುಟ್ಟಿದ ಮೇಲೂ ಒಂದು ಕಥೆ ಉಂಟು. ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣ ಬಿಜೈಯಲ್ಲಿ. ಸಿಟಿ ಮತ್ತು ಸರ್ವಿಸ್ ಬಸ್ಸುಗಳು ಸ್ಟೇಟ್ ಬ್ಯಾಂಕ್‌ನಲ್ಲಿ. ದೂರದಿಂದ ಬಂದ ರೋಗಿ ದೇರಳಕಟ್ಟೆಗೆ ಹೋಗಬೇಕಾದರೆ ಇನ್ನೊಂದು ಬಸ್, ಇಲ್ಲವೇ ರಿಕ್ಷಾ. ಬಸ್ಸಿನಲ್ಲಿ ಉಳಿಸಿದ ಸಮಯ ಮತ್ತು ದುಡ್ಡು ಎರಡೂ ಅಲ್ಲಿ ಖಾಲಿ. ಹೊಸ ಮಾದರಿಯ ಬಸ್ ತರುವಾಗ ಹಳೆಯ ದಾರಿಯನ್ನೂ ಒಮ್ಮೆ ನೋಡಬೇಕು. ಬೆಳಗ್ಗೆ ಬರುವ ಒಂದೆರಡು ಎಕ್ಸ್‌ಪ್ರೆಸ್ ಪಂಪ್‌ವೆಲ್, ತೊಕ್ಕೊಟ್ಟು ಮೂಲಕ ದೇರಳಕಟ್ಟೆವರೆಗೆ ಹೋದರೆ ಎಷ್ಟು ಕುಟುಂಬಗಳಿಗೆ ಉಪಕಾರ ಆದೀತು.

ಗಡಿಯ ಆಚೆಯವರ ಮಾತನ್ನೂ ಮರೆಯಬಾರದು. ಮಂಜೇಶ್ವರ, ಉಪ್ಪಳದ ಜೊತೆ ನಮಗೆ ಹೆಣ್ಣು ಕೊಡುವ, ತರುವ ಸಂಬಂಧ. ಅಂತರರಾಜ್ಯ ಬಸ್ಸುಗಳಿಗೆ ಶಕ್ತಿ ಇಲ್ಲ. ಕಾಸರಗೋಡು ಬಸ್ಸಿಗೆ ಮಂಗಳೂರಿನಲ್ಲಿ ಹತ್ತಿ ತಲಪಾಡಿಯಲ್ಲಿ ಇಳಿಯುವ ಕರ್ನಾಟಕದ ಹೆಂಗಸೂ ಟಿಕೆಟ್ ಕೊಡಬೇಕು. ಕನಿಷ್ಠ ತಲಪಾಡಿವರೆಗಿನ ನಮ್ಮದೇ ನೆಲದಲ್ಲಿ ನಮ್ಮ ಹೆಂಗಸರಿಗೆ ಈ ಸೌಲಭ್ಯ ಸಿಗಬೇಡವೇ?

ಮೂರನೆಯದು ಘಾಟಿ. ಇದು ಬೆಂಗಳೂರಿನಲ್ಲಿ ಕುಳಿತವರಿಗೆ ಬೇಗ ಮರೆತುಹೋಗುತ್ತದೆ, ನಮಗೆ ಪ್ರತಿ ಜುಲೈಯಲ್ಲಿ ನೆನಪಾಗುತ್ತದೆ. 2018ರ ಆಗಸ್ಟ್‌ನಲ್ಲಿ ಶಿರಾಡಿಯೂ ಕುಸಿಯಿತು, ಸಂಪಾಜೆ-ಮಡಿಕೇರಿ ದಾರಿಯೂ ಕುಸಿಯಿತು. ಮರು ವರ್ಷ ಚಾರ್ಮಾಡಿ. 2024ರ ಜುಲೈಯಲ್ಲಿ ಸಕಲೇಶಪುರದ ಹತ್ತಿರ ಮತ್ತೆ ಮಣ್ಣು ಜರಿಯಿತು. ಶಿರಾಡಿ ಬಂದ್ ಆದರೆ ಬಸ್ಸು ಬೇರೆ ಘಾಟಿ ಹಿಡಿಯಬೇಕು. ಹೊಸ ಮಲ್ಟಿ ಆಕ್ಸಲ್ ವೋಲ್ವೋಗಳ ಉದ್ದ 15 ಮೀಟರ್. ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ ಅಷ್ಟು ಉದ್ದದ ಬಸ್ಸನ್ನು ತಿರುಗಿಸುವುದು ಆಟ ಅಲ್ಲ. ಆಗ ದಾರಿ ಹುಡುಕಿಕೊಂಡು ಹೋಗುವುದು 12 ಮೀಟರ್‌ನ ಅಥವಾ ಅದಕ್ಕಿಂತ ಗಿಡ್ಡದ ಕೆಂಪು ಬಸ್ಸೇ. ಕಷ್ಟ ಬಂದಾಗ ಯಾವ ಬಸ್ ಓಡುತ್ತದೋ ಅದನ್ನು ಹೆಚ್ಚು ಇಟ್ಟುಕೊಳ್ಳುವುದು ಬುದ್ಧಿವಂತಿಕೆ.

ಎಲೆಕ್ಟ್ರಿಕ್ ಬಸ್ಸನ್ನು ಕೂಡ ಈ ಕಣ್ಣಿನಿಂದಲೇ ನೋಡಬೇಕು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಅದರ ಬ್ಯಾಟರಿಗೆ ಸ್ವಲ್ಪ ಚಾರ್ಜ್ ವಾಪಸ್ ಬರುತ್ತದೆ, ಹೊಗೆ ಇಲ್ಲ, ಸದ್ದು ಕಡಿಮೆ. ಮಡಿಕೇರಿ, ಚಿಕ್ಕಮಗಳೂರಿನಂಥ ಗುಡ್ಡದ ಊರುಗಳಿಗೆ ಅದನ್ನು ಓಡಿಸಿದ ಅನುಭವ ನಿಗಮಕ್ಕೆ ಉಂಟು. ಕರಾವಳಿಗೂ ಬರಲಿ. ಆದರೆ ಎಸಿ ಬಸ್ ಎಂಬ ಒಂದೇ ಕಾರಣಕ್ಕೆ ಅದು ಶಕ್ತಿಯಿಂದ ಹೊರಗೆ. ನಾಳೆ ಡೀಸೆಲ್ ಬಸ್ಸುಗಳು ಒಂದೊಂದಾಗಿ ಗುಜರಿಗೆ ಹೋಗಿ ಎಲ್ಲ ಎಕ್ಸ್‌ಪ್ರೆಸ್ ಎಲೆಕ್ಟ್ರಿಕ್ ಎಸಿ ಆದರೆ? ಫ್ರೀ ಎನ್ನುವುದು ಕಾಗದದಲ್ಲಿ ಇರುತ್ತದೆ, ಹತ್ತಲಿಕ್ಕೆ ಬಸ್ಸು ಇರುವುದಿಲ್ಲ. ಈ ಪ್ರಶ್ನೆಗೆ ಉತ್ತರ ಈಗಲೇ ಬೇಕು, ಬಸ್ ಬಂದ ಮೇಲೆ ಅಲ್ಲ.

ಇನ್ನು ಮೆಟ್ಟಿಲು. ಕೆಳಗೆ ಲಗೇಜ್ ಇಡಲು ಜಾಗ ಮಾಡುವುದಕ್ಕಾಗಿ ದೂರದ ಬಸ್ಸುಗಳ ಅಂತಸ್ತು ಎತ್ತರ. ಮಂಡಿ ನೋವಿನ ಉಮ್ಮ, ಗರ್ಭಿಣಿ, ಕೈಕೂಸು ಹಿಡಿದ ತಾಯಿ, ಊರುಗೋಲಿನ ಉಪ್ಪ ಹತ್ತುವುದು ಹೇಗೆ? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸಾರ್ವಜನಿಕ ಸಾರಿಗೆ ಅವರಿಗೂ ಬಳಸಲು ಆಗುವಂತೆ ಇರಬೇಕು ಎನ್ನುತ್ತದೆ. ಕೆಳಗಿನ ಮೊದಲ ಮೆಟ್ಟಿಲು ಸ್ವಲ್ಪ ತಗ್ಗು, ಎರಡೂ ಬದಿ ಹಿಡಿಕೆ, ಮುಂದಿನ ಎರಡು ಸೀಟು ಇಂಥವರಿಗೆ. ಇದಕ್ಕೆ ಕೋಟಿ ರೂಪಾಯಿ ಬೇಡ. ಬಸ್ಸಿನ ಬಾಡಿ ಕಟ್ಟುವ ಮೊದಲು ಹೇಳಿದರೆ ಸಾಕು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ದುಬಾರಿ ಬಸ್ಸಿನಿಂದ ಕಲಿಯಲಿಕ್ಕೆ ಉಂಟು. ಕ್ಲಬ್ ಕ್ಲಾಸ್ 2.0ದಲ್ಲಿ ಬೆಂಕಿ ಹತ್ತಿದರೆ ಒಳಗೇ ನೀರು ಚಿಮ್ಮುವ ವ್ಯವಸ್ಥೆ ಇದೆ. 2025ರ ಅಕ್ಟೋಬರ್‌ನಲ್ಲಿ ಕರ್ನೂಲು ಹತ್ತಿರ ಖಾಸಗಿ ಸ್ಲೀಪರ್ ಬಸ್ ಉರಿದು ನಿದ್ದೆಯಲ್ಲಿದ್ದವರು ಒಳಗೇ ಸಿಕ್ಕಿಬಿದ್ದರು. ಅದನ್ನು ಕಂಡ ಮೇಲೆ ತುರ್ತು ಬಾಗಿಲು, ಗಾಜು ಒಡೆಯುವ ಸುತ್ತಿಗೆ, ಬೆಂಕಿಯ ಸೂಚನೆ ಕೊಡುವ ಯಂತ್ರ, ಇವು ದುಡ್ಡು ಕೊಟ್ಟವರಿಗೆ ಮಾತ್ರ ಎನ್ನಲು ಯಾರಿಗೂ ಬಾಯಿ ಬರಲಿಕ್ಕಿಲ್ಲ. ಜೀವದ ಬೆಲೆಗೆ ಕ್ಲಾಸ್ ಇಲ್ಲ.

ಈಗ ನಮ್ಮ ಕಡೆಯ ಕೆಲಸ. ಬಸ್ಸಿಲ್ಲ ಎಂದು ವಾಟ್ಸ್ಯಾಪಿನಲ್ಲಿ ಬೈದರೆ ಬಸ್ ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮಂಗಳೂರು ಮತ್ತು ಪುತ್ತೂರು ಎಂದು ಕೆಎಸ್‌ಆರ್‌ಟಿಸಿಯ ಎರಡು ವಿಭಾಗಗಳಿವೆ. ಎರಡಕ್ಕೂ ವಿಭಾಗೀಯ ನಿಯಂತ್ರಣಾಧಿಕಾರಿ ಇದ್ದಾರೆ. ನಮ್ಮಲ್ಲಿ ಖಾಸಗಿ ಬಸ್ಸುಗಳು ಹೆಚ್ಚು, ಸರಕಾರಿ ಬಸ್ ಇಲ್ಲದ ಊರಿನಲ್ಲಿ ಶಕ್ತಿಯೂ ಇಲ್ಲ. ಹಾಗಾಗಿ ಕೇಳದೆ ಇದ್ದರೆ ಹೊಸ ಬಸ್ ಬೇರೆ ಜಿಲ್ಲೆಗೆ ಹೋಗುತ್ತದೆ, ಅದರಲ್ಲಿ ಯಾರ ತಪ್ಪೂ ಇಲ್ಲ.

ಪ್ರತಿ ಜಮಾಅತ್ ಕಮಿಟಿ ಒಂದು ವಾರ ಕುಳಿತು ಲೆಕ್ಕ ಬರೆಯಲಿ. ನಮ್ಮ ಮಹಲ್ಲಿನಿಂದ ಕಾಲೇಜಿಗೆ ಎಷ್ಟು ಮಕ್ಕಳು, ಎಷ್ಟು ಗಂಟೆಗೆ. ಆಸ್ಪತ್ರೆಗೆ ವಾರಕ್ಕೆ ಎಷ್ಟು ಮಂದಿ. ಬೆಂಗಳೂರಿಗೆ ಎಷ್ಟು ಮಂದಿ. ಅದೇ ರಸ್ತೆಯ ದೇವಸ್ಥಾನದವರನ್ನೂ, ಚರ್ಚಿನವರನ್ನೂ, ಅಂಗಡಿಯವರನ್ನೂ ಸೇರಿಸಿಕೊಳ್ಳಿ. ಬಸ್ ಸ್ಟಾಪಿನಲ್ಲಿ ಕಾಯುವಾಗ ಎಲ್ಲರೂ ಒಂದೇ ಮಳೆಯಲ್ಲಿ ನೆನೆಯುವುದು. ಆ ಲೆಕ್ಕವನ್ನು ಪಂಚಾಯತ್ ಠರಾವಿನ ಜೊತೆ ವಿಭಾಗದ ಕಚೇರಿಗೆ ಕೊಟ್ಟು, ಒಂದು ಪ್ರತಿಯನ್ನು ಶಾಸಕರಿಗೂ ಕೊಡಿ. ಹಿಂಬರಹ ಕೇಳಿ ಪಡೆಯಿರಿ. ಬಸ್ ಬಂದರೆ ಅದರಲ್ಲಿ ಹೋಗಿ. ಎರಡು ದಿನ ಬಸ್ಸಿನಲ್ಲಿ, ಮೂರನೆಯ ದಿನ ಬೈಕಿನಲ್ಲಿ ಹೋದರೆ ಸೀಟು ಖಾಲಿ ಎಂದು ನಾಲ್ಕನೆಯ ದಿನ ಬಸ್ಸೇ ಇರುವುದಿಲ್ಲ.

ಹೊಸ ಬಸ್ಸಿಗೆ ಯಾವ ಹೆಸರು ಬೇಕಾದರೂ ಇಡಲಿ. ಖರೀದಿಯ ಕಾಗದಕ್ಕೆ ಸಹಿ ಬೀಳುವ ಮೊದಲು ಬಿ.ಸಿ. ರೋಡಿನ ಲೆಕ್ಕವೂ, ನೆಲ್ಯಾಡಿಯ ಲೆಕ್ಕವೂ ಆ ಮೇಜಿನ ಮೇಲೆ ಇರಬೇಕು. ಅದನ್ನು ಅಲ್ಲಿಗೆ ಮುಟ್ಟಿಸುವುದು ನಮ್ಮ ಜವಾಬ್ದಾರಿ.